ಮಣ್ಣಿನ ಮನೆಯೂ ಮಣಿಪಾಲದ ಮನೆಗಳೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಕೆಡವಿ ನೋಡು ಎಂದು ಅವರು ಹೇಳಲಿಲ್ಲ. ಕೆಡಹುವುದರಲ್ಲಿ ಕಷ್ಟವೇನಿದೆಯೆಂದು ಎಣಿಸಿದ್ದಿರಬೇಕು. ನಿಜ, ಮೂರು ತಲೆಮಾರು ನಿಂತ ಗೋಡೆಯನ್ನು ಈಗಿನ ಯಂತ್ರವು ಒಂದು ಮಧ್ಯಾಹ್ನದೊಳಗೆ ನೆಲಸಮ ಮಾಡುವುದನ್ನು ನಮ್ಮ ಬೀದಿಯಲ್ಲಿಯೇ ನಾನು ಎರಡು ಮೂರು ಬಾರಿ ನೋಡಿರುವೆನು. ನಮ್ಮ ಮನೆಯ ಸರದಿಯೂ ಹತ್ತಿರ ಬಂದಿದ್ದಿತು. ಆ ಸರದಿ ತಪ್ಪಿದ ಬಗೆಯನ್ನೂ, ಅದಕ್ಕೆ ಕಾರಣವಾದ ಒಂದು ಪ್ರವಾಸವನ್ನೂ ವಾಚಕ ಮಹಾಶಯರಿಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಊರು ಗೌರೀಬಿದನೂರು ತಾಲ್ಲೂಕಿನ ನಗರಗೆರೆ. ಆಂಧ್ರದ ಗಡಿ ಅಲ್ಲಿಗೆ ದೂರವಲ್ಲ. ಬೀದಿಯ ಒಂದು ಜಗುಲಿಯಲ್ಲಿ ಕನ್ನಡವೂ ಮತ್ತೊಂದರಲ್ಲಿ ತೆಲುಗೂ ಕೇಳಿಬರುವ ಊರು. ನಮ್ಮ ತಾತನವರು ಕಟ್ಟಿಸಿದ ಮನೆಯು ಆ ಸೀಮೆಯ ಮಾಳಿಗೆಮನೆ. ತೆಲುಗು ನುಡಿವ ನೆರೆಯವರು ಇದನ್ನೇ ಮಿದ್ದೆಯೆನ್ನುವರು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಕಲ್ಲುಕಂಬದ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ಸಣ್ಣದೊಂದು ತೊಟ್ಟಿ, ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಲು. ಈ ಮನೆಗೆ ನಾನೂ ನನ್ನ ತಮ್ಮನೂ ಸಮಭಾಗಿಗಳು. ಅವನು ಬೆಂಗಳೂರಿನಲ್ಲಿ ನೆಲಸಿರುವನು. ನಾನು ಉಪಾಧ್ಯಾಯವೃತ್ತಿಯಿಂದ ನಿವೃತ್ತನಾಗಿ ಪತ್ನಿಯೊಡನೆ ಇಲ್ಲಿಯೇ ಇರುವೆನು. ಮಾಳಿಗೆಯು ಮಳೆಗಾಲದಲ್ಲಿ ಸೋರುತ್ತಿದ್ದಿತು. ರಿಪೇರಿ ಮಾಡಬಲ್ಲವರು ಸಿಕ್ಕುತ್ತಿರಲಿಲ್ಲ. ಕೆಡವಿ, ಕೆಳಗೆ ಎರಡು ಅಂಗಡಿ ಮೇಲೊಂದು ವಾಸದ ಮನೆಯನ್ನು ಕಾಂಕ್ರೀಟಿನಲ್ಲಿ ಕಟ್ಟಿಸುವುದೆಂದು ನಾವಿಬ್ಬರೂ ನಿಶ್ಚಯಿಸಿದೆವು. ಕಂಟ್ರಾಕ್ಟರನು ಕರಾರುಪತ್ರವನ್ನು ಬರೆಯಿಸಿ ತಂದನು. ರುಜು ಮಾತ್ರ ಉಳಿದಿದ್ದಿತು.

ತಮ್ಮನ ಮಗಳು ಮಣಿಪಾಲದಲ್ಲಿ ಕಟ್ಟಡಗಳ ವಿನ್ಯಾಸಶಾಸ್ತ್ರವನ್ನು ಓದುತ್ತಿರುವಳು. ಸಮಾಚಾರವು ತಿಳಿದೊಡನೆ ನನಗೆ ಟೆಲಿಫೋನ್ ಮಾಡಿ, “ದೊಡ್ಡಪ್ಪ, ರುಜು ಹಾಕುವುದಕ್ಕೆ ಮೊದಲು ಒಂದು ಸಲ ಇಲ್ಲಿಗೆ ಬಂದುಹೋಗಿ. ನಿಮಗೆ ಕೆಲವು ಮನೆಗಳನ್ನು ತೋರಿಸಬೇಕು” ಎಂದಳು. ಮಕ್ಕಳ ಮಾತನ್ನು ತೆಗೆದುಹಾಕುವ ಅಭ್ಯಾಸವು ಉಪಾಧ್ಯಾಯನಾದವನಿಗೆ ಇರಬಾರದು. ಕಳೆದ ಮಾಗಿಯಲ್ಲಿ ಗೌರೀಬಿದನೂರಿನಿಂದ ರೈಲಿನಲ್ಲಿ ಬೆಂಗಳೂರಿಗೂ, ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿ ಘಟ್ಟವಿಳಿದು ಮಣಿಪಾಲಕ್ಕೂ ಹೋದೆನು.

ಅವಳು ನನ್ನನ್ನು ಕರೆದೊಯ್ದ ಸ್ಥಳಕ್ಕೆ ಹಸ್ತಶಿಲ್ಪ ಪರಂಪರಾ ಗ್ರಾಮವೆಂದು ಹೆಸರು. ಪದಾರ್ಥ ಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆಗಳ ಸಾಲೆಂದು ತಿಳಿದಿದ್ದ ನನಗೆ ಇದು ಹೊಸದು. ಇಲ್ಲಿ ಪೆಟ್ಟಿಗೆಯಲ್ಲಿ ವಸ್ತುವಿಲ್ಲ, ಮನೆಗಳೇ ವಸ್ತುಗಳು. ಬೇರೆ ಬೇರೆ ಊರುಗಳಲ್ಲಿ ಕೆಡಹುವುದಕ್ಕೆ ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಬಿಚ್ಚಿ, ಹೊತ್ತು ತಂದು, ಮರಗಳ ನೆರಳಿನಲ್ಲಿ ಮತ್ತೆ ಮೊದಲಿನಂತೆ ನಿಲ್ಲಿಸಿರುವರು.

ಈ ಕಾರ್ಯವನ್ನು ಕೈಗೊಂಡವರು ಅರಸರಲ್ಲ, ಕೋಟ್ಯಧೀಶರೂ ಅಲ್ಲ. ದಿವಂಗತ ವಿಜಯನಾಥ ಶೆಣೈಯವರು ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದವರು. ಹಳೆಯ ಮನೆಗಳು ಉರುಳುವಾಗ ಕಂಬ, ಬಾಗಿಲು, ತೊಲೆಗಳು ಸೌದೆಯ ಬೆಲೆಗೆ ಹೋಗುವುದನ್ನು ಕಂಡು ಮರುಗಿ, ಅವುಗಳನ್ನು ಕೊಂಡು ತಂದು, ತಮ್ಮ ವಾಸಕ್ಕಾಗಿ ಹಳೆಯ ಕ್ರಮದ ಒಂದು ಮನೆಯನ್ನು ಕಟ್ಟಿದರು. ಅದಕ್ಕೆ ಹಸ್ತಶಿಲ್ಪವೆಂದು ಹೆಸರಿಟ್ಟರು. ನೋಡಲು ಬರುವವರ ಸಂಖ್ಯೆಯು ಬೆಳೆಯುತ್ತ ಹೋಗಿ, ಕಡೆಗೆ ಆ ಮನೆಯನ್ನು ನೋಟಕರಿಗೆ ಬಿಟ್ಟುಕೊಟ್ಟು ತಾವು ಬೇರೆಡೆಗೆ ಹೋಗಬೇಕಾಯಿತು. ಆಮೇಲೆ 1997ರಲ್ಲಿ ಹಸ್ತಶಿಲ್ಪ ಟ್ರಸ್ಟನ್ನು ಸ್ಥಾಪಿಸಿ, ಬಿಡಿಭಾಗಗಳನ್ನಲ್ಲದೆ ಇಡಿಯ ಮನೆಗಳನ್ನೇ ಉಳಿಸುವ ಸಾಹಸಕ್ಕೆ ತೊಡಗಿದರು. 2017ರಲ್ಲಿ ಅವರು ಕಾಲಾಧೀನರಾದರು, ಮನೆಗಳು ನಿಂತಿರುವುವು.

ಆ ಮನೆಗಳು ಬಿದ್ದುದೇಕೆ ಎಂಬುದನ್ನೂ ಅರಿಯಬೇಕು. ಕರಾವಳಿಯ ದೊಡ್ಡ ಮನೆಗಳು ಗೇಣಿಯ ಅಕ್ಕಿಯಿಂದ ಬಾಳಿದುವು. 1974ರ ಭೂಸುಧಾರಣೆಯ ಕಾನೂನಿನಿಂದ ಉಳುವವನೇ ಹೊಲದೊಡೆಯನಾದನು. ಅದು ನ್ಯಾಯವೇ ಸರಿ. ಆದರೆ ಗೇಣಿಯು ನಿಂತೊಡನೆ ಮನೆಗೆ ಹಂಚು ಹೊದೆಯಿಸುವ ಕೈಯೂ ನಿಂತಿತು. ಅವಿಭಕ್ತ ಕುಟುಂಬಗಳು ಪಾಲಾದುವು. ಮಕ್ಕಳು ಮುಂಬಯಿಗೂ ಗಲ್ಫ್ ದೇಶಗಳಿಗೂ ಹೋದರು. ಐವತ್ತು ಜನರಿಗಾಗಿ ಕಟ್ಟಿದ ಮನೆಯಲ್ಲಿ ಇಬ್ಬರು ವೃದ್ಧರು ಉಳಿದರೆ, ಅದನ್ನು ಗುಡಿಸುವವರು ಯಾರು?

ನಾನು ಅಲ್ಲಿ ಹೆಚ್ಚು ಹೊತ್ತು ಕುಳಿತುದು ಉಡುಪಿ ಸೀಮೆಯ ಕುಂಜೂರಿನಿಂದ ತಂದ ಚೌಕಿಮನೆಯಲ್ಲಿ. ಇದು 1816ರಲ್ಲಿ ಕಟ್ಟಿದುದು. ಹೊರಗೆ ನೋಡಿದರೆ ಮನೆಗಿಂತಲೂ ಮಾಡೇ ದೊಡ್ಡದು. ಸೂರು ಇಳಿದಿಳಿದು ಬಂದು ನೆಲವನ್ನು ಮುಟ್ಟುವುದೋ ಎಂಬಂತಿರುವುದು. ಆ ಸೀಮೆಯಲ್ಲಿ ವರ್ಷಕ್ಕೆ 150 ಅಂಗುಲಕ್ಕೂ ಮಿಕ್ಕು ಮಳೆ ಸುರಿಯುವುದು. ಗೋಡೆಯನ್ನು ಆ ಮಳೆಯಿಂದ ಕಾಯುವುದಕ್ಕೆಂದೇ ಅಷ್ಟು ದೊಡ್ಡ ಕೊಡೆ. ಬಾಗಿಲು ಗಿಡ್ಡ, ತಲೆ ಬಾಗದೆ ಒಳಗೆ ಹೋಗುವಂತಿಲ್ಲ. ಒಳಗೆ ನಾಲ್ಕು ಕಡೆಯೂ ಜಗುಲಿ, ನಡುವೆ ತೆರೆದ ಅಂಗಳ. ಬೆಳಕೂ ಗಾಳಿಯೂ ಮಳೆಯ ನೀರೂ ಒಂದೇ ದಾರಿಯಿಂದ ಮನೆಯೊಳಗೆ ಬಂದು, ಪ್ರತಿಯೊಂದೂ ತನ್ನ ಕೆಲಸವನ್ನು ಮಾಡಿ ಹೋಗುವ ವ್ಯವಸ್ಥೆ.

ಸಂಸ್ಕೃತ ಪಾಠ ಹೇಳುತ್ತಿದ್ದ ದಿನಗಳಲ್ಲಿ ಚತುಶ್ಶಾಲವೆಂಬ ಶಬ್ದಕ್ಕೆ ನಾಲ್ಕು ಶಾಲೆಗಳುಳ್ಳ ಮನೆಯೆಂದು ಅರ್ಥ ಬರೆಯಿಸಿ ಮುಂದಕ್ಕೆ ಹೋಗುತ್ತಿದ್ದೆನು. ಆರನೆಯ ಶತಮಾನದ ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ಇಂತಹ ಮನೆಗೆ ಸರ್ವತೋಭದ್ರ, ನಂದ್ಯಾವರ್ತ, ವರ್ಧಮಾನ, ಸ್ವಸ್ತಿಕ, ರುಚಕವೆಂದು ಐದು ಭೇದಗಳನ್ನು ಹೇಳಿರುವನು. ಹೆಸರುಗಳು ನನಗೆ ಬಾಯಿಪಾಠವಾಗಿದ್ದುವು. ಆ ಅಂಗಳದ ಅಂಚಿನಲ್ಲಿ ಕುಳಿತಾಗಲೇ ನನಗೆ ಹೊಳೆದುದು: ಕರಾವಳಿಯ ಚೌಕಿಯೂ ಮೈಸೂರು ಸೀಮೆಯ ತೊಟ್ಟಿಯೂ ಆಚಾರ್ಯನ ಚತುಶ್ಶಾಲವೂ ಒಂದೇ ಕುಲದವು, ನಾನು ಹುಟ್ಟಿದುದೇ ಅಂತಹುದರ ಒಂದು ಬಡ ದಾಯಾದಿಯೊಳಗೆ. ಅರುವತ್ತು ವರ್ಷ ಅದರಲ್ಲಿ ಉಂಡು ಮಲಗಿದವನಿಗೆ ಅದರ ಕುಲಗೋತ್ರವು ಮುನ್ನೂರು ಮೈಲಿಯ ಆಚೆ ತಿಳಿಯಿತು.

ಮನೆಯನ್ನು ಹೀಗೆ ಸ್ಥಳಾಂತರಿಸುವ ಕ್ರಮವನ್ನು ಮಗು ನನಗೆ ವಿವರಿಸಿದಳು. ಮೊದಲು ಅಳತೆ ತೆಗೆದು ನಕಾಶೆ ಬರೆಯಬೇಕು. ಪ್ರತಿಯೊಂದು ಮೂಲೆಯ ಛಾಯಾಚಿತ್ರವಿರಬೇಕು. ಅನಂತರ ಪ್ರತಿಯೊಂದು ಕಂಬ, ಬೋದಿಗೆ, ತೊಲೆ, ಜಂತೆಗಳಿಗೆ ಅಂಕೆ ಹಾಕಬೇಕು. ಕಟ್ಟುವುದು ಬುಡದಿಂದ, ಬಿಚ್ಚುವುದು ತಲೆಯಿಂದ. ಮರದ ನಾಲಗೆ ಮರದ ಕುಳಿಯಲ್ಲಿ ಕೂತಿರುವುದರಿಂದ, ಸೇರಿಸಿದ ಕ್ರಮವನ್ನರಿತ ಬಡಗಿಯು ಮುರಿಯದೆ ಬಿಡಿಸಬಲ್ಲನು. ಹುಳು ತಿಂದ ಭಾಗವನ್ನು ಕೊಯ್ದು ಅದೇ ಜಾತಿಯ ಮರವನ್ನು ಕೂಡಿಸಬೇಕು. ಹೊಸ ತಳಪಾಯದ ಮೇಲೆ ಅಂಕೆಯ ಪ್ರಕಾರ ಮತ್ತೆ ಎತ್ತಿ ನಿಲ್ಲಿಸಬೇಕು. ಅದು ವ್ಯಾಕರಣದ ಪದಚ್ಛೇದದಂತೆ ನನಗೆ ತೋರಿತು. ಸಂಧಿ ಬಲ್ಲವನು ಮಾತ್ರ ಸಂಧಿಯನ್ನು ಬಿಡಿಸಬಲ್ಲನು; ಬಲ್ಲದವನು ಬಿಡಿಸಿದರೆ ಪದವೇ ಒಡೆದುಹೋಗುವುದು.

ಹರ್ಕೂರಿನ ಒಳಗಿನಮನೆ, ಭಟ್ಕಳದ ನವಾಯತರ ಮನೆ, ಮಂಗಳೂರು ಪ್ರಾಂತದ ಕ್ರೈಸ್ತ ಗೃಹಸ್ಥರ ಮನೆ, ಮುಧೋಳದ ಅರಮನೆಯ ದರ್ಬಾರು ಸಭಾಂಗಣ ಮೊದಲಾದುವನ್ನು ಒಂದೊಂದಾಗಿ ನೋಡಿದೆವು. ಜಾತಿ ಮತಗಳು ಬೇರೆಯಾದರೂ ಮಳೆ ಒಂದೇ ಆದುದರಿಂದ ಕರಾವಳಿಯ ಮನೆಗಳ ಮಾಡುಗಳು ಅಣ್ಣತಮ್ಮಂದಿರಂತೆ ಕಂಡುವು. ಬಾಗಿಲುಗಳ ಮುಂದೆ ಮಾತ್ರ ನಾನು ಮೌನವಾಗಿ ನಿಂತೆನು. ಇಪ್ಪತ್ತು ವರ್ಷಗಳ ಹಿಂದೆ ಮಗಳ ಮದುವೆಯ ಖರ್ಚಿಗೆಂದು ನಮ್ಮ ಮನೆಯ ಮುಂಬಾಗಿಲನ್ನು, ಹೂಬಳ್ಳಿಯ ಕೆತ್ತನೆಯ ದಾರಂದ ಸಹಿತ, ಪಟ್ಟಣದಿಂದ ಬಂದ ವ್ಯಾಪಾರಿಯೊಬ್ಬನಿಗೆ 15,000 ರೂಪಾಯಿಗೆ ಮಾರಿದವನು ನಾನೇ. ಆಗ ಬೆಲೆ ಹೆಚ್ಚಾಯಿತೆಂದೇ ಸಂತೋಷಪಟ್ಟಿದ್ದೆನು. ಕಬ್ಬಿಣದ ಬಾಗಿಲನ್ನು ಹಾಕಿಸಿದ ದಿನ ನಮ್ಮ ತಾಯಿಯವರು ಹೊಸ್ತಿಲಿಗೆ ಅರಿಸಿನ ಹಚ್ಚಲು ಬಂದು, ಹೊಸ್ತಿಲೇ ಇಲ್ಲವೆಂಬುದನ್ನು ಕಂಡು, ಬಟ್ಟಲನ್ನು ಹಿಡಿದುಕೊಂಡೇ ಒಳಕ್ಕೆ ಹೋದರು. ಒಂದು ಮಾತನ್ನೂ ಆಡಲಿಲ್ಲ. ಈ ಸಂಗತಿಯನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಮನೆಗಳನ್ನು ಬಯಲಿನಲ್ಲಿಟ್ಟು ಕಾಪಾಡುವ ಈ ಪದ್ಧತಿಯು ಬೇರೆ ದೇಶಗಳಲ್ಲಿ ಎಂದು ಮೊದಲಾಯಿತೆಂದು ಮಗುವನ್ನು ಕೇಳಿದೆನು. ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ಆರ್ಟೂರ್ ಹ್ಯಾಸೇಲಿಯಸ್ ಎಂಬವರು ಸ್ಕಾನ್ಸೆನ್ ಎಂಬ ಸಂಗ್ರಹಾಲಯವನ್ನು ತೆರೆದರಂತೆ. ಅವರೂ ಉಪಾಧ್ಯಾಯರಾಗಿದ್ದವರೆಂದು ಕೇಳಿ ನನಗೆ ಹೆಮ್ಮೆಯಾಯಿತು. ನಮ್ಮ ನೆರೆಯಲ್ಲಿ, ಚೆನ್ನೈಗೆ ದಕ್ಷಿಣದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದೊಳಗೆ ನಮ್ಮ ಇಳಕಲ್ಲಿನ ನೇಕಾರರ ಮನೆಯೊಂದಿರುವುದು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಜಪಾನಿನ ವೃತ್ತಾಂತ. ಅದರ ಚಿತ್ರಗಳನ್ನು ಅವಳು ತನ್ನ ಪಾಠದ ಪುಸ್ತಕದಲ್ಲಿ ತೋರಿಸಿದಳು. ಎರಡನೆಯ ಮಹಾಯುದ್ಧದ ಬಳಿಕ ಆ ದೇಶವು ಬೇಗ ಬೇಗ ಬದಲಾಯಿತು. ಕೆಲವು ಹಳ್ಳಿಗಳು ಜಲಾಶಯಗಳಲ್ಲಿ ಮುಳುಗಿದುವು. ಹುಲ್ಲುಮಾಡಿನ ರೈತರ ಮನೆಗಳು ಕಣ್ಮರೆಯಾಗತೊಡಗಿದುವು. ಆಗ ಟೋಕಿಯೋವಿಗೆ ಸಮೀಪದ ಕಾವಾಸಾಕಿ ನಗರದವರು 1967ರಲ್ಲಿ ನಿಹೋನ್ ಮಿಂಕಾಎನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದು, ನಾನಾ ಪ್ರಾಂತಗಳಿಂದ 20ಕ್ಕೂ ಮಿಕ್ಕು ಹಳೆಯ ಕಟ್ಟಡಗಳನ್ನು ತಂದು ನಿಲ್ಲಿಸಿದರು. ಅವುಗಳಲ್ಲಿ ಹಿಮ ಬೀಳುವ ಬೆಟ್ಟದ ಸೀಮೆಯ ಮನೆಗಳೂ ಉಂಟು. ಅವುಗಳ ಮಾಡು ಬಹು ಕಡಿದು. ಎರಡು ಅಂಗೈಗಳನ್ನು ಜೋಡಿಸಿ ಹಿಡಿದಂತೆ. ಆ ಭಾಷೆಯಲ್ಲಿ ಅದಕ್ಕೆ ಗಾಸ್ಶೋ, ಎಂದರೆ ಅಂಜಲಿ, ಎಂದೇ ಹೆಸರು. ಕೈಮುಗಿದು ನಿಂತ ಮನೆಗಳು! ಈ ಬಗೆಯ ಮನೆಗಳುಳ್ಳ ಶಿರಾಕಾವಾ ಮತ್ತು ಗೋಕಾಯಾಮಾ ಗ್ರಾಮಗಳನ್ನು 1995ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಮನೆಗಳ ಅಟ್ಟದಲ್ಲಿ ಅವರು ಏನು ಮಾಡುತ್ತಿದ್ದರೆಂದು ವಾಚಕರು ಊಹಿಸಬಲ್ಲಿರಾ? ರೇಷ್ಮೆಹುಳು ಸಾಕುತ್ತಿದ್ದರು. ಇದನ್ನು ಕೇಳಿದೊಡನೆ ಜಪಾನು ನನಗೆ ಶಿಡ್ಲಘಟ್ಟದಷ್ಟು ಹತ್ತಿರವಾಯಿತು. ನನ್ನ ಬಾಲ್ಯದಲ್ಲಿ ನಮ್ಮ ಸೀಮೆಯ ರೈತರೂ ಹುಳುವಿಗೆ ಪಡಸಾಲೆಯನ್ನು ಬಿಟ್ಟುಕೊಟ್ಟು ತಾವು ಜಗುಲಿಯಲ್ಲಿ ಮಲಗುತ್ತಿದ್ದರು. ಹಣ್ಣಾದ ಹುಳು ಗೂಡು ಕಟ್ಟುವ ಚಂದ್ರಿಕೆಯನ್ನು, ನಮ್ಮವರ ಬಾಯಲ್ಲಿನ ಚಂದ್ರಂಕಿಯನ್ನು, ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದರು. ಅಲ್ಲಿಯ ಹುಲ್ಲುಮಾಡನ್ನು ಹೊಸದಾಗಿ ಹೊದೆಯಿಸುವ ಕಾಲಕ್ಕೆ ಊರಿಗೆ ಊರೇ ಕೂಡುವುದು. ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು ಎಂಬ ಕಟ್ಟಳೆ. ಅವರು ಅದಕ್ಕೆ ಯೂಯಿ ಎನ್ನುವರು. ನಮ್ಮಲ್ಲಿ ಮುಯ್ಯಾಳು ಎಂಬ ಹೆಸರಿದ್ದಿತು. ಅವರು ಆ ಪದ್ಧತಿಯನ್ನು ಉಳಿಸಿಕೊಂಡರು. ನಮ್ಮ ಹುಡುಗರಿಗೆ ಈಗ ಆ ಮಾತೂ ತಿಳಿಯದು.

ಇನ್ನೊಂದು ವಿಷಯ. ಕಾವಾಸಾಕಿಯ ಸಂಗ್ರಹಾಲಯದಲ್ಲಿ ಯಾರೂ ವಾಸಿಸದ ಆ ಮನೆಗಳ ಒಲೆಗುಂಡಿಗಳಿಗೆ ಸ್ವಯಂಸೇವಕರು ಬೆಂಕಿ ಹಾಕುವರು. ಹೊಗೆಯು ಏರಿ ಹುಲ್ಲನ್ನೂ ಮರವನ್ನೂ ಹುಳುಹುಪ್ಪಟೆಯಿಂದ ಕಾಪಾಡುವುದು. ಮನೆಯನ್ನು ನಿಲ್ಲಿಸಿದರೆ ಸಾಲದು. ಮನೆವಾರ್ತೆಯನ್ನೂ ನಡೆಯಿಸಬೇಕೆಂಬುದನ್ನು ಅವರು ಅರಿತಿರುವರು.

ಸಂಜೆ ಹೊರಟು ನಿಂತಾಗ ಮಗು ಕೇಳಿದಳು: “ದೊಡ್ಡಪ್ಪ, ನಮ್ಮ ಊರಿನ ಮನೆಯನ್ನೂ ಹೀಗೆ ಬಿಚ್ಚಿ ಎಲ್ಲಾದರೂ ಕಟ್ಟಬಹುದೆ?”

ನಾನು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆ ದಿನ ನಾನು ನೋಡಿದ ಮನೆಗಳಲ್ಲಿ ನಮ್ಮ ಕಡೆಯ ಮಾಳಿಗೆಮನೆ ಒಂದೂ ಕಾಣಲಿಲ್ಲ. ಏಕೆ ಕಾಣಲಿಲ್ಲವೆಂದು ಆಲೋಚಿಸಿದಾಗ ಕಾರಣವು ತಾನಾಗಿ ತಿಳಿಯಿತು. ಮರದ ಮನೆಗೆ ಸಂಧಿಗಳುಂಟು; ಬಿಡಿಸಿ ಕೂಡಿಸಬಹುದು. ಮಣ್ಣಿನ ಗೋಡೆಗೆ ಸಂಧಿಯಿಲ್ಲ. ಕಂಬವನ್ನೂ ಬಾಗಿಲನ್ನೂ ಒಯ್ಯಬಹುದು, ಗೋಡೆಯನ್ನು ಒಯ್ಯಲಾಗದು. ಬಿದ್ದ ದಿನವೇ ಅದು ಮತ್ತೆ ಹೊಲದ ಮಣ್ಣು. ಕಂಬ ಬಾಗಿಲುಗಳನ್ನು ಕೊಳ್ಳುವವರು ಇರುವರು, ನಾನೇ ಮಾರಿರುವೆನು. ಆದರೆ ನಮ್ಮ ಸೀಮೆಯ ಮನೆಯೆಂದರೆ ಅದರ ಮಣ್ಣು. ಆದುದರಿಂದ ಅದನ್ನು ಯಾವ ಸಂಗ್ರಹಾಲಯವೂ ಎತ್ತಿಕೊಂಡು ಹೋಗಿ ಕಾಪಾಡಲಾರದು. ಉಳಿದರೆ ಅದು ನಿಂತಲ್ಲಿಯೇ ಉಳಿಯಬೇಕು. ಕಾಯುವವನು ಅದರೊಳಗೆ ವಾಸಿಸುವ ಗೃಹಸ್ಥನೇ ಆಗಬೇಕು. “ಆಗದು, ಮಗು. ಅದಕ್ಕೆ ಅದರ ಬೀದಿಯೇ ಸಂಗ್ರಹಾಲಯ” ಎಂದೆನು. ಆ ಮಾತು ನನ್ನ ಬಾಯಿಂದ ಹೊರಟಾಗಲೇ ಕರಾರುಪತ್ರದ ಗತಿಯು ನಿಶ್ಚಯವಾಯಿತು.

ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುವವನಲ್ಲ. ನಮ್ಮ ತಾಯಿಯವರು ಬೆಳಕಿಂಡಿಯೊಂದೇ ಇದ್ದ ಅಡಿಗೆಮನೆಯ ಹೊಗೆಯಲ್ಲಿ ನಲವತ್ತು ವರ್ಷ ಕೆಮ್ಮಿದರು. ತೊಲೆಗಳನ್ನು ಕಾಪಾಡಿದ ಆ ಹೊಗೆಯೇ ಅವರ ಕಣ್ಣನ್ನು ಕೆಡಿಸಿತು. ನಮ್ಮ ಜಗುಲಿಯನ್ನು ದಾಟಿ ಒಳಗೆ ಬರುವಂತಿಲ್ಲದ ಜನರು ಇದ್ದರು. ಆ ಗೋಡೆಗಳ ಮಣ್ಣನ್ನು ತುಳಿದು ಹದ ಮಾಡಿದವರು ಅವರೇ. ಹಳೆಯ ಮನೆಯನ್ನು ಉಳಿಸುವವನು ಈ ಲೆಕ್ಕವನ್ನೂ ಮರೆಯಬಾರದು. ಗೋಡೆಯನ್ನು ಉಳಿಸಿ, ಆ ಗೆರೆಯನ್ನು ಅಳಿಸುವುದೇ ನಿಜವಾದ ಜೀರ್ಣೋದ್ಧಾರ.

ಊರಿಗೆ ಬಂದು ತಮ್ಮನಿಗೆ ಕಾಗದ ಬರೆದೆನು. ಮೊದಲು ಅವನು ಸಿಡುಕಿದನು; ಬಾಡಿಗೆಯ ಲೆಕ್ಕ ಹೇಳಿದನು. ಆ ಲೆಕ್ಕ ತಪ್ಪಲ್ಲ. ಕಡೆಗೆ ಮಗಳೇ ಅವನನ್ನು ಒಪ್ಪಿಸಿದಳು: ಹಿತ್ತಲಿನ ಖಾಲಿ ಜಾಗದಲ್ಲಿ ಹೊಸದಾಗಿ ಎರಡು ಕೋಣೆ, ಒಂದು ಬಚ್ಚಲು, ಹಳೆಯ ಮನೆಗೆ ರಿಪೇರಿ.

ರಿಪೇರಿ ಮಾಡುವವರು ಯಾರು? ಊರೆಲ್ಲ ವಿಚಾರಿಸಿದಾಗ ಮಾಳಿಗೆಯ ಕೆಲಸ ಬಲ್ಲ ಒಬ್ಬ ವೃದ್ಧನು ಸಿಕ್ಕಿದನು. ಜಗುಲಿಯ ಆಚೆಯೇ ನಿಲ್ಲುತ್ತಿದ್ದ ಕುಟುಂಬದವನು. ಅವನನ್ನು ಒಳಗೆ ಕರೆದು ಪಡಸಾಲೆಯಲ್ಲಿ ಕೂರಿಸಿ, ನನ್ನ ಪತ್ನಿ ಕಾಫಿ ಕೊಟ್ಟಳು. ಅವನು ಕಾಫಿಗಿಂತ ಮೊದಲು ತೊಲೆಗಳನ್ನು ನೋಡಿ, “ಮರ ಗಟ್ಟಿ ಐತೆ ಸ್ವಾಮಿ, ಮೇಲಿನ ಮಣ್ಣು ಸತ್ತೈತೆ” ಎಂದನು.

ಅವನಿಂದ ನಾನು ಕಲಿತುದನ್ನು ಇಲ್ಲಿ ಬರೆದಿಡುವೆನು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಿರುಗಟ್ಟಿಗೆ, ಅದರ ಮೇಲೆ ಬಂದರೆ ಗಿಡದ ಸೊಪ್ಪು, ಸೊಪ್ಪಿನ ಮೇಲೆ ತುಳಿದ ಕೆಸರುಮಣ್ಣು. ಎಲ್ಲಕ್ಕೂ ಮೇಲೆ ಚೌಳುಮಣ್ಣು. ಈ ಚೌಳು ಪೈರಿಗೆ ಶತ್ರು; ಅದಿರುವ ನೆಲದಲ್ಲಿ ರಾಗಿ ಮೊಳೆಯದು. ಆದರೆ ಮಾಳಿಗೆಗೆ ಅದೇ ಮಿತ್ರ. ಅದರಲ್ಲಿನ ಕ್ಷಾರದ ದೆಸೆಯಿಂದ, ನೀರು ಬಿದ್ದೊಡನೆ ಜಿಗಟಿನ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುವುವು. ನೀರು ಇಂಗದೆ ದೋಣಿಯ ಕಡೆಗೆ ಹರಿದುಹೋಗುವುದು. ಹುಲ್ಲೂ ಬೇರುಬಿಡದು. ವರ್ಷಕ್ಕೆ 30 ಅಂಗುಲ ಮಳೆ ಬಂದರೆ ಹಬ್ಬವೆನ್ನುವ ನಮ್ಮ ಸೀಮೆಗೆ ಇದು ಸಾಕು. ಆದರೆ ಪ್ರತಿ ವರ್ಷವೂ ಮಳೆಗೆ ಮುನ್ನ ಹೊಸ ಚೌಳನ್ನು ಹರಡಿ ಬಡಿಯಬೇಕು. ಇದನ್ನು ಬಿಟ್ಟುದರಿಂದಲೇ ನಮ್ಮ ಮಾಳಿಗೆ ಸೋರಿತು. ಮನೆ ಹಳೆಯದಾಗಿ ಕೆಡಲಿಲ್ಲ. ನಾವು ಕೆಲಸ ಬಿಟ್ಟುದರಿಂದ ಕೆಟ್ಟಿತು.

ವೈಶಾಖದಲ್ಲಿ ಆ ವೃದ್ಧನು ಹನ್ನೆರಡು ದಿನ ಕೆಲಸ ಮಾಡಿದನು. ನನ್ನ ಹಳೆಯ ಶಿಷ್ಯರಿಬ್ಬರು ಕೂಲಿಗೆಂದು ಬಂದು ಕೆಲಸವನ್ನು ಕಲಿತರು. ರಜೆಗೆ ಬಂದಿದ್ದ ಮಗು ಮನೆಯ ಅಳತೆ ತೆಗೆದು ನಕಾಶೆ ಬರೆದಳು. ನಾನು ಒಂದು ನೋಟುಪುಸ್ತಕದಲ್ಲಿ ಗೂಡು, ಹಗೇವು, ಅಗಳಿ, ಬೋದಿಗೆ ಎಂದು ಪ್ರತಿಯೊಂದು ಅಂಗದ ಹೆಸರನ್ನೂ ಅದರ ಉಪಯೋಗವನ್ನೂ ಬರೆದೆನು. ಮುಂಬಾಗಿಲಿಗೆ ಬೇವಿನ ಮರದ ಹೊಸ ದಾರಂದವನ್ನು ಮಾಡಿಸಿದೆವು. ಅದಕ್ಕೆ ಕೆತ್ತನೆಯಿಲ್ಲ, ಹೊಸ್ತಿಲುಂಟು.

ವಾಚಕ ಮಹಾಶಯರೇ, ನೀವೆಲ್ಲರೂ ಹಳೆಯ ಮನೆಯಲ್ಲಿಯೇ ಇರಬೇಕೆಂದು ನಾನು ಹೇಳೆನು. ಕೆಲವು ಮನೆಗಳನ್ನು ಉಳಿಸಲು ಸಾಧ್ಯವೇ ಇಲ್ಲ, ಕೆಲವರಿಗೆ ಶಕ್ತಿಯಿಲ್ಲ. ಆದರೂ ಕೆಡಹುವ ಮುನ್ನ ಮೂರು ಕೆಲಸಗಳನ್ನು ಮಾಡಿ: ಅಳತೆ ತೆಗೆದಿಡಿ, ಹಿರಿಯರನ್ನು ಕೇಳಿ ಅಂಗಾಂಗಗಳ ಹೆಸರನ್ನು ಬರೆದಿಡಿ, ಮನೆಯ ಮಕ್ಕಳನ್ನು ಒಂದು ರಾತ್ರಿ ಅದರಲ್ಲಿ ಮಲಗಿಸಿ. ಇವಕ್ಕೆ ಹಣವು ಬೇಕಾಗದು.

ಈ ಮಳೆಗಾಲವು ಕಳೆಯಿತು. ಮಾಳಿಗೆಯು ಅಡಿಗೆಮನೆಯ ಈಶಾನ್ಯದ ಮೂಲೆಯಲ್ಲಿ ಮಾತ್ರ ಸ್ವಲ್ಪ ಸೋರಿತು. ನಾನು ಅಲ್ಲೊಂದು ಪಾತ್ರೆಯನ್ನಿಟ್ಟು, ವೃದ್ಧನಿಗೆ ಹೇಳಿ ಕಳುಹಿಸಿದೆನು. ಅವನು ಬರಲಿಲ್ಲ; ಕಲಿತ ಹುಡುಗರಿಬ್ಬರಲ್ಲಿ ಒಬ್ಬನನ್ನು ಕಳುಹಿಸಿಕೊಟ್ಟನು. ಹುಡುಗನು ಏಣಿ ಹತ್ತಿ, ಒಂದು ಗಳಿಗೆ ನೋಡಿ, ಅಲ್ಲಿಂದಲೇ ಕೂಗಿ ಚೌಳು ಕೇಳಿದನು.